ನನ್ನ ಕೋಣೆಯಲ್ಲಿ ಮಾತ್ರ ಮಾತಾಡಿದ ಅಮ್ಮ

ತಿಪಟೂರಿನಲ್ಲಿ ನನ್ನ ಕೋಣೆ ಇರುವುದು ಪಂಪ್‌ಸೆಟ್ಟು, ಡ್ರಿಪ್ ಪೈಪು ಮಾರುವ ಅಂಗಡಿಯ ಮೇಲೆ. ಮೆಟ್ಟಿಲು ಅಂಗಡಿಯ ಪಕ್ಕದಿಂದಲೇ ಶುರುವಾಗುತ್ತದೆ. ನನ್ನ ಬಳಿ ಬರುವವರು ಮೊದಲು ಪೈಪು ನೋಡುವವರ ಹಾಗೆ ಸ್ವಲ್ಪ ಹೊತ್ತು ಕೆಳಗೆ ನಿಲ್ಲುತ್ತಾರೆ. ರಸ್ತೆಯಲ್ಲಿ ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸರಕ್ಕನೆ ಮೇಲೆ ಹತ್ತುತ್ತಾರೆ. ‘ಆಪ್ತ ಸಮಾಲೋಚನೆ ಮತ್ತು ಮನೋಚಿಕಿತ್ಸೆ’ ಎಂದು ಬೋರ್ಡು ಬರೆಸಿದಾಗಲೇ ಅಂಗಡಿಯವರು ಎಚ್ಚರಿಸಿದ್ದರು: “ಆ ಎರಡನೇದು ತೆಗೆಸಿಬುಡಿ ಮೇಡಂ, ಹುಚ್ಚಿಡಿದೋರ್ ಬರೋ ಜಾಗ ಅಂದ್ಕೊಂತಾರೆ.” ನಾನು ತೆಗೆಸಲಿಲ್ಲ. ಹಟ. ಮೈಸೂರಿನಲ್ಲಿ ಅಷ್ಟು ವರ್ಷ ಕಲಿತು, ಒಂದೇ ಪದ್ಧತಿಗೆ ಜೋತು ಬೀಳದೆ ಎದುರಿಗೆ ಕೂತವರಿಗೆ ಯಾವುದು ಹೊಂದುತ್ತದೋ ಅದನ್ನು ಕೂಡಿಸಿ ಬಳಸುವ ಅಭ್ಯಾಸ ಮಾಡಿಕೊಂಡು, ಊರಿಗೆ ವಾಪಸು ಬಂದವಳು ನಾನು. ನನ್ನ ತವರು ತುರುವೇಕೆರೆ ಕಡೆ. ನಮ್ಮ ಜನಕ್ಕೆ ನಾನು ಸಾಕು ಎಂಬ ಒಂದು ಜಂಬವೂ ಇತ್ತು.

ಆ ಅಮ್ಮನನ್ನು ಅವರ ಮನೆಯವರು ಕರೆದುಕೊಂಡು ಬಂದದ್ದು ಕೊಬ್ಬರಿ ಹರಾಜಿನ ದಿನ. ರಸ್ತೆಯ ತುಂಬ ಚೀಲ ಹೇರಿದ ಟೆಂಪೋಗಳು, ಕಾರು ನಿಲ್ಲಿಸಲು ಜಾಗವಿಲ್ಲ ಎಂದು ಮೇಲೆ ಬರುವಾಗಲೇ ಯಜಮಾನರು ರೇಗಿಕೊಂಡಿದ್ದರು. ಅರವತ್ತೈದು ದಾಟಿದ ಗಟ್ಟಿ ಆಳು, ಬಿಳಿ ಷರಟು, ಹೆಗಲ ಮೇಲೆ ಟವೆಲು. ಹಿಂದೆ ಮಗ, ಸೊಸೆ. ಎಲ್ಲರ ಹಿಂದೆ, ಸೆರಗನ್ನು ಹೆಗಲ ಸುತ್ತ ಎಳೆದುಕೊಂಡು ಆ ಅಮ್ಮ. ಮಾಯಸಂದ್ರದ ಹತ್ತಿರದ ಹಳ್ಳಿ ಅವರದು. ತೋಟ, ಹೊಲ, ಹಸು ಎಲ್ಲ ಇದ್ದ ಮನೆ.

“ನಮ್ಮ ಮನೇರು ಮಾತು ಬಿಟ್ಬುಟ್ಟವ್ರೆ ಮೇಡಂ,” ಎಂದರು ಯಜಮಾನರು, ಹೆಂಡತಿಯ ಕಡೆ ಕೈ ತೋರಿಸಿ. “ಅವರಕ್ಕ ತೀರ್ಕೊಂಡ್ರು. ತಿಥಿ ಮುಗಿಸ್ಕೊಂಡು ಬಂದ್ಮೇಲಿಂದ ಒಂದ್ ಮಾತಿಲ್ಲ. ಕೆಲಸ ಎಲ್ಲ ಮಾಡ್ತಾರೆ, ಉಣ್ತಾರೆ, ಮಲಗ್ತಾರೆ. ಮಾತೊಂದಿಲ್ಲ.”

ತುಮಕೂರಿನಲ್ಲಿ ಗಂಟಲಿನ ಡಾಕ್ಟರಿಗೆ ತೋರಿಸಿದ್ದರು, ನರದ ಡಾಕ್ಟರಿಗೆ ತೋರಿಸಿದ್ದರು. ತಲೆಯ ಸ್ಕ್ಯಾನ್ ಮಾಡಿಸಿದ್ದರು. ಎಲ್ಲ ಚೆನ್ನಾಗಿದೆ ಎಂದು ಹೇಳಿ ಕಳಿಸಿದ್ದರು. ಯಾರೋ ಹೇಳಿದರೆಂದು ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದರಂತೆ, ಮಗುವಿಗೆ ಹಚ್ಚಿದ ಹಾಗೆ.

“ಅಕ್ಕ ತೀರಿಕೊಂಡದ್ದು ಬಿಟ್ಟರೆ ಮನೆಯಲ್ಲಿ ಬೇರೆ ಏನಾದರೂ ಆಗಿತ್ತಾ?” ಎಂದು ಕೇಳಿದೆ.

“ಏನೂ ಆಗಿಲ್ಲ ಬುಡಿ. ನಾವ್ಯಾರೂ ಅವರಿಗೆ ಏನೂ ಅಂದಿಲ್ಲ.”

ನಾನು ಆಕೆಯನ್ನು ಕೇಳಿದ ಪ್ರಶ್ನೆಗಳಿಗೂ ಅವರೇ ಉತ್ತರ ಕೊಟ್ಟರು. ನಿದ್ದೆ ಬರುತ್ತದೆಯೇ ಅಮ್ಮ ಎಂದರೆ, “ಚೆನ್ನಾಗಿ ಬತ್ತದೆ.” ಮನಸ್ಸಿಗೆ ಬೇಜಾರಾಗುತ್ತದೆಯೇ ಎಂದರೆ, “ಯಾತುಕ್ಕೆ ಬೇಜಾರು, ಏನ್ ಕಮ್ಮಿ ಆಗೈತೆ?” ಕೊನೆಗೆ ನಾನು ವಾರಕ್ಕೊಮ್ಮೆ ಆಕೆಯೊಬ್ಬರನ್ನೇ ನೋಡುತ್ತೇನೆ, ಈ ಕೋಣೆಯಲ್ಲಿ ಆದದ್ದನ್ನು ಹೊರಗೆ ಯಾರಿಗೂ ಹೇಳುವುದಿಲ್ಲ, ಜೀವಕ್ಕೆ ಅಪಾಯ ಎಂದು ಕಂಡರೆ ಮಾತ್ರ ಹೇಳುತ್ತೇನೆ ಎಂದೆ. ಯಜಮಾನರು ನಕ್ಕರು. “ಅವ್ರು ಮಾತೇ ಆಡಲ್ವಲ್ಲ ಮೇಡಂ, ಏನಂತ ಹೇಳೀರಿ?”

ಮೊದಲನೆಯ ವಾರ ಆಕೆ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ನಾನೂ ಹೆಚ್ಚು ಮಾತಾಡಲಿಲ್ಲ. ಎರಡನೆಯ ವಾರ ಮಗ ಅವರನ್ನು ಬಿಟ್ಟು ಕೆಳಗಿಳಿದ. ಕಾರು ಹೊರಟ ಸದ್ದು ಕೇಳಿಸಿತು. ಆಕೆ ಅದು ದೂರವಾಗುವ ತನಕ ಕಿವಿಗೊಟ್ಟು ಕೂತಿದ್ದು, ನನ್ನ ಕಡೆ ತಿರುಗಿದರು.

“ಆ ಫ್ಯಾನು ಒಸಿ ಕಮ್ಮಿ ಮಾಡವ್ವ. ಕಿವಿಗೆ ಗಾಳಿ ಹೊಡೀತೈತೆ.”

ನಾನು ಫ್ಯಾನು ಕಡಿಮೆ ಮಾಡಲೂ ಮರೆತು ನೋಡುತ್ತಲೇ ಇದ್ದೆ. ದನಿ ಒಂದಿಷ್ಟೂ ಕುಗ್ಗಿರಲಿಲ್ಲ. ಹಿತ್ತಲಿನಿಂದ ಕೂಗಿದರೆ ಬೀದಿಗೆ ಕೇಳಿಸುವಂಥ ದನಿ.

“ನೀವೇ ಅಂದ್ರಲ್ಲ, ಯಾರ್ಗೂ ಹೇಳಲ್ಲ ಅಂತ,” ಎಂದರು. “ಹೇಳ್ಬೇಡಿ ಮತ್ತೆ. ನಾನಿಲ್ಲಿ ಮಾತಾಡ್ದೆ ಅಂತ ಗೊತ್ತಾದ್ರೆ ನಾಳೆಯಿಂದ ಇಲ್ಲೂ ಇಲ್ಲ.”

ಅಲ್ಲಿಂದ ಶುರುವಾಯಿತು ನನ್ನ ಪೇಚಾಟ.

ಅಕ್ಕ ಈಕೆಗಿಂತ ತುಂಬ ದೊಡ್ಡವರು. ತಾಯಿ ಬೇಗ ಹೋದದ್ದರಿಂದ ಅವರೇ ಸಾಕಿದ್ದು. ಅಕ್ಕನನ್ನು ಹಂದನಕೆರೆಗೆ ಮದುವೆ ಮಾಡಿ ಕೊಟ್ಟಿತ್ತು. ದಿನಾ ಸಾಯಂಕಾಲ ಡೈರಿಗೆ ಹಾಲು ಹಾಕಿ ಬಂದು ಈಕೆ ಕೊಟ್ಟಿಗೆಯ ಜಗಲಿ ಮೇಲೆ ಕೂತು ಅಕ್ಕನಿಗೆ ಫೋನು ಮಾಡುತ್ತಿದ್ದರಂತೆ. ಯಾವ ಹಸು ಒದ್ದಿತು, ಯಾರ ಮನೆಯಲ್ಲಿ ಏನು ಸಾರು, ಸೊಸೆ ಮುಖ ಯಾಕೆ ಊದಿಸಿಕೊಂಡಿದ್ದಾಳೆ. “ಮನೇಲಿ ನಾನಾಡ್ತಿದ್ದದ್ದೆಲ್ಲ ಮಾತೇ ಅಲ್ಲ ಕಣವ್ವ,” ಎಂದರು. “ಊಟಕ್ ಬನ್ನಿ, ಮೋಟ್ರು ಆಫ್ ಮಾಡಿ, ಕಾಯಿ ಕೀಳೋರು ಬಂದವ್ರೆ. ಮಾತು ಅಂತ ಆಡ್ತಿದ್ದದ್ದು ಅಕ್ಕನ ಹತ್ರ.”

ಮಗ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ದಿನ ಅಕ್ಕ ಬರಲಿಲ್ಲ. ಮೈ ಹುಷಾರಿಲ್ಲ ಎಂದು ಮೊದಲೇ ಗೊತ್ತಿದ್ದರಿಂದ ಈಕೆ, ಸಂಜೆ ಫೋನು ಮಾಡಿದರಾಯಿತು ಎಂದುಕೊಂಡರು. ಸಂಜೆ ನೋಡಿದರೆ ಫೋನಿಲ್ಲ. ಚಾರ್ಜಿಗೆ ಹಾಕಿದೆ ಎಂದ ಮಗ. ಅವತ್ತು ಹಗಲೆಲ್ಲ ಗಂಡನ ಜೊತೆ ಪೂಜೆಗೆ ಕೂತಿದ್ದರು, ಬಂದವರಿಗೆಲ್ಲ ಅರಿಸಿನ ಕುಂಕುಮ ಕೊಟ್ಟಿದ್ದರು, ಪಂಕ್ತಿಗೆ ನಿಂತು ಹೋಳಿಗೆಗೆ ತುಪ್ಪ ಬಡಿಸಿದ್ದರು. ಮಾರನೆಯ ದಿನ ಮಧ್ಯಾಹ್ನ, ಉಳಿದಿದ್ದ ನೆಂಟರೂ ಹೊರಟ ಮೇಲೆ, ಅಕ್ಕ ತೀರಿಕೊಂಡ ಸುದ್ದಿಯನ್ನು ಮನೆಯವರು ಹೇಳಿದರು. ಅಷ್ಟು ಹೊತ್ತಿಗೆ ಅಲ್ಲಿ ಮಣ್ಣು ಮಾಡಿ ಆಗಿತ್ತು.

“ಎಲ್ಲಾರ್ಗೂ ಗೊತ್ತಿತ್ತು. ಅಡಿಗೆಯೋರಿಗೆ ಸೈತ ಗೊತ್ತಿತ್ತು. ಇನ್ನೊಂದ್ ಚೂರು ತುಪ್ಪ ಹಾಕವ್ವ ಅಂತ ನನ್ನ ಮುಖ ನೋಡ್ಕೊಂಡೇ ತಿಂದ್ರು.”

ಆಕೆ ಅಳಲಿಲ್ಲ. ನಾನೇ ಟೇಬಲ್ಲಿನ ಮೇಲೆ ಬೇಡದ ವಸ್ತು ಸರಿಸುತ್ತ ಕೂತೆ.

ಸಾವಿನ ಸುದ್ದಿಯನ್ನು ಶುಭಕಾರ್ಯ ಮುಗಿಯುವ ತನಕ ಮುಚ್ಚಿಡುವುದು ನಮ್ಮ ಕಡೆ ಹೊಸದೇನಲ್ಲ. ನಮ್ಮ ಮನೆಯಲ್ಲೂ ಮಾಡಿದ್ದಾರೆ. ಮಾಡಿದವರು ಅದನ್ನು ಒಳ್ಳೆಯದಕ್ಕೇ ಮಾಡಿದೆವು ಎಂದುಕೊಳ್ಳುತ್ತಾರೆ. ಯಜಮಾನರು ‘ಏನೂ ಆಗಿಲ್ಲ’ ಎಂದದ್ದು ಬಹುಶಃ ಅವರ ಮಟ್ಟಿಗೆ ಸುಳ್ಳಾಗಿರಲಿಲ್ಲ.

ವಾರ ವಾರವೂ ಆಕೆ ಬಂದರು, ನನ್ನ ಮುಂದೆ ಹೊಟ್ಟೆ ತುಂಬ ಮಾತಾಡಿದರು, ಕೆಳಗಿಳಿದು ಕಾರು ಹತ್ತುವಾಗ ತುಟಿ ಹೊಲಿದುಕೊಂಡರು. ಮಗ ಪ್ರತಿ ಸಲವೂ ಮೇಲೆ ಬಂದು ಕೇಳುತ್ತಿದ್ದ: “ಏನಾದ್ರೂ ಒಂದ್ ಮಾತು ಬಂತಾ ಮೇಡಂ?” ಪಕ್ಕದಲ್ಲಿ ಆಕೆ ಕಲ್ಲಿನ ಹಾಗೆ ನಿಂತಿರುತ್ತಿದ್ದರು. “ನಡೀತಿದೆ, ಸಮಯ ಬೇಕು,” ಎನ್ನುತ್ತಿದ್ದೆ. ಆ ಮಾತು ನನ್ನ ಕಿವಿಗೇ ಕಳ್ಳ ವೈದ್ಯರ ಮಾತಿನಂತೆ ಕೇಳುತ್ತಿತ್ತು.

ಯಜಮಾನರು ಫೋನಿನಲ್ಲಿ ಮುಲಾಜು ಇಟ್ಟುಕೊಳ್ಳಲಿಲ್ಲ. “ನೀವ್ ಓದಿದ್ದೇನು ಮೇಡಂ? ಇಷ್ಟೊತ್ತಿಗೆ ಹೋರಿ ಕೈಲಾದ್ರೂ ಮಾತಾಡಿಸ್ಬೋದಿತ್ತು!” ಸುದ್ದಿ ಊರಿನಲ್ಲಿ ಹಬ್ಬಿತು. ನನ್ನ ಬಳಿಗೆ ಆಗಾಗ ಜನರನ್ನು ಕಳಿಸುತ್ತಿದ್ದ ಒಬ್ಬ ಹೈಸ್ಕೂಲು ಟೀಚರು ತರಕಾರಿ ಅಂಗಡಿಯಲ್ಲಿ ಸಿಕ್ಕು, “ಪಾಪ, ಆ ಮಾಯಸಂದ್ರದ ಕಡೆಯೋರ ಕೇಸು ನಿಮ್ಮ ಕೈಗೆ ಹತ್ತಲಿಲ್ಲವಂತಲ್ಲ,” ಎಂದರು. ನನ್ನ ಬಾಯಿಯ ತುದಿಗೆ ಬಂದಿತ್ತು. ಆಕೆ ನನ್ನ ಜೊತೆ ಎಷ್ಟು ಮಾತಾಡುತ್ತಾರೆಂದರೆ ಗಂಟೆ ಮುಗಿದರೂ ನಿಲ್ಲಿಸುವುದಿಲ್ಲ, ನನ್ನ ಸೀರೆಯ ಬಣ್ಣ ನನಗೆ ಒಪ್ಪುವುದಿಲ್ಲ ಎಂದೂ ಹೇಳಿದ್ದಾರೆ ಎಂದು ಕೂಗಿಬಿಡಬೇಕು ಎನ್ನಿಸಿತು. ಸುಮ್ಮನೆ ಬೀನ್ಸ್ ಆರಿಸಿದೆ. ಆಮೇಲೆ ಆ ಟೀಚರು ಯಾರನ್ನೂ ಕಳಿಸಲಿಲ್ಲ.

ಆಕೆಯ ಮೇಲೂ ನನಗೆ ಸಿಟ್ಟು ಬರಲಾರಂಭಿಸಿತು. “ಅವರನ್ನೂ ಕೂರಿಸಿಕೊಂಡು ಮಾತಾಡೋಣ ಅಮ್ಮ. ನಿಮಗೆ ಹೇಗಾಯಿತು ಅಂತ ನೀವೇ ಹೇಳಿ,” ಎಂದೆ.

“ನಾನ್ಯಾಕೆ ಹೇಳ್ಲಿ? ಅವರಾಗಿ ಹೇಳ್ಲಿ.”

“ಏನು ಹೇಳಬೇಕು ಅವರು?”

“ಅವರಿಗೆ ಗೊತ್ತು.”

ಎಷ್ಟು ಕೆದಕಿದರೂ ಅಷ್ಟೇ. ಕ್ಷಮೆ ಕೇಳಬೇಕೇ ಎಂದರೆ ಇಲ್ಲ. ಅಕ್ಕನ ಮಕ್ಕಳ ಹತ್ತಿರ ಹೋಗಿ ಬರಬೇಕೇ ಎಂದರೆ ಇಲ್ಲ. ಅವರಿಗೆ ಗೊತ್ತು. ಮೈಸೂರಿನಲ್ಲಿರುವ ನನ್ನ ಗುರುಗಳಿಗೆ ಫೋನು ಮಾಡಿ, ಆಕೆಯ ಹೆಸರು ಊರು ಹೇಳದೆ, ಗೋಳು ಹೇಳಿಕೊಂಡೆ. ಆಕೆಯ ಮೌನ ಆಕೆಯದು, ನಿನ್ನ ಹೆಸರಿನ ಚಿಂತೆಗಾಗಿ ಅದನ್ನು ಒಡೆಯಬೇಡ ಎಂದರು ಅವರು. ಅದು ನಿಜ. ಆದರೆ ಅವರು ಮೈಸೂರಿನಲ್ಲಿದ್ದರು. ಅವರನ್ನು ತರಕಾರಿ ಅಂಗಡಿಯಲ್ಲಿ ಯಾರೂ ಅಡ್ಡಗಟ್ಟುತ್ತಿರಲಿಲ್ಲ.

ಕೊನೆಗೆ ಆಕೆಯನ್ನೇ ಕೇಳಿದೆ. “ಯಜಮಾನರನ್ನು ಒಬ್ಬರನ್ನೇ ಕರೆಸಿ ಮಾತಾಡಲೇ? ಅವರು ಹೇಳಿದ್ದೂ ನನ್ನಲ್ಲೇ ಉಳಿಯುತ್ತದೆ, ನಿಮ್ಮ ಮಾತು ಉಳಿದ ಹಾಗೆ.” ಒಂದೇ ಮನೆಯ ಇಬ್ಬರನ್ನು ಬೇರೆ ಬೇರೆಯಾಗಿ ನೋಡುವುದು ತೊಡಕಿನ ಕೆಲಸ ಎಂದು ನನಗೆ ಗೊತ್ತಿತ್ತು. ಆದರೆ ಇಲ್ಲಿ ಬೇರೆ ದಾರಿ ಕಾಣಲಿಲ್ಲ. ಇನ್ನೊಬ್ಬ ಸಮಾಲೋಚಕರ ಬಳಿ ಕಳಿಸೋಣ ಎಂದರೆ ಅವರು ತುಮಕೂರಿಗೆ ಹೋಗಬೇಕಿತ್ತು. ಹೋಗುವವರಲ್ಲ.

ಆಕೆ ನನ್ನನ್ನು ದಿಟ್ಟಿಸಿ, “ಕರೀರಿ. ನೋಡಣ,” ಎಂದರು.

ಯಜಮಾನರು ಬರುವುದಕ್ಕೇ ಒಪ್ಪಲಿಲ್ಲ. “ಕಾಯಿಲೆ ಅವರ್ಗೆ, ಮದ್ದು ನನಗಾ?” ಮಗ ಒತ್ತಾಯ ಮಾಡಿದ ಮೇಲೆ ಬಂದರು. ಮೊದಲ ಸಲ ಕೊಬ್ಬರಿ ರೇಟಿನ ವಿಷಯ ಬಿಟ್ಟು ಬೇರೆ ಮಾತಿಲ್ಲ. ಎರಡನೆಯ ಸಲ ತೆಂಗಿಗೆ ಬಂದ ನುಸಿ ರೋಗ, ಬೋರಿನಲ್ಲಿ ಇಳಿಯುತ್ತಿರುವ ನೀರು. ನಾನು ಗೃಹಪ್ರವೇಶ ಎಂಬ ಪದವನ್ನೂ ಎತ್ತುವಂತಿರಲಿಲ್ಲ. ಎತ್ತಿದರೆ ಆಕೆ ಮಾತಾಡಿದ್ದು ಬಯಲಾಗುತ್ತಿತ್ತು. ಅವರ ಎದುರು ಕೂತು, ತಲೆ ಆಡಿಸುತ್ತ, ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ಮೂರನೆಯ ಸಲ ಅವರು ಬಂದು ಕೂತವರು ಟವೆಲನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. “ಇಲ್ಲಿ ಹೇಳಿದ್ದು ಇಲ್ಲೇ ಇರ್ತದೆ ಅಂದ್ರಲ್ಲ?”

“ಹೌದು.”

“ನಮ್ಮನೇರ್ಗೂ ಹೇಳಂಗಿಲ್ಲ.”

“ಹೇಳಲ್ಲ.”

ಹೊಸ ಮನೆಯೊಳಕ್ಕೆ ಹಸು ಕರು ಹೊಡೆದುಕೊಂಡು ಹೋಗುವ ಹೊತ್ತಿಗೆ ಹಂದನಕೆರೆಯಿಂದ ಫೋನು ಬಂತಂತೆ. ಅಕ್ಕನ ಮಗ. “ಚಿಕ್ಕಪ್ಪ, ಅವ್ವನ್ನ ಈಚೆಗ್ ಮಲಗಿಸಿದೀವಿ. ಜೀವ ಇನ್ನೂ ಐತೆ. ಚಿಕ್ಕಮ್ಮನ್ನ ಕೇಳ್ತಾವ್ಳೆ, ಬೇಗ ಕರ್ಕಂಬನ್ನಿ,” ಎಂದ. ಕಾರಿನಲ್ಲಿ ಹೋಗಿದ್ದರೆ ತಡವಾಗುತ್ತಿರಲಿಲ್ಲ. ಪಕ್ಕದಲ್ಲೇ ಕಳಶ ಹಿಡಿದು ನಿಂತಿದ್ದ ಹೆಂಡತಿ, ಯಾರದು ಫೋನು ಎಂದು ಕೇಳಿದರು.

“ಕಾಯಿ ವ್ಯಾಪಾರದೋರು ಅಂದ್ಬುಟ್ಟೆ ಮೇಡಂ. ಪೂಜೆಗೆ ದಂಪತಿ ಕೂರ್ಬೇಕಲ್ಲ, ಬೀಗರೆಲ್ಲ ಬಂದಿದ್ರು. ಅಲ್ಲಿಗೆ ಹೋದ್ರೆ ಇವ್ಳು ವಾಪಸ್ ಬರಲ್ಲ ಅಂತ ಗೊತ್ತು. ಮಧ್ಯಾಹ್ನದ ಮೇಲೆ ಕರ್ಕೊಂಡೋಗಣ ಅಂದ್ಕೊಂಡೆ. ಅಷ್ಟ್ರೊಳಗೆ ಹೋಗ್ಬುಟ್ರು.”

ಅವರು ಮುಖ ಒರೆಸಿಕೊಂಡರು. “ಸತ್ಮೇಲೆ ಸುದ್ದಿ ಬಂತು ಅಂತ್ಲೇ ಇವ್ಳಿಗೆ ಹೇಳಿರೋದು.”

“ನೀವೇ ಅವರಿಗೆ ಹೇಳಬೇಕು ಯಜಮಾನರೇ.”

“ಹೇಳಿದ್ರೆ ಇರೋದೂ ಹೋಯ್ತದೆ ಮೇಡಂ. ಈಗ ಮಾತಾಡಲ್ಲ ಅಷ್ಟೆ. ಅನ್ನ ಆದ್ರೂ ಇಕ್ತಾಳೆ.”

ಅವರು ಮತ್ತೆ ಬರಲಿಲ್ಲ. ನಾನು ಫೋನು ಮಾಡಿದರೆ ಎತ್ತಲಿಲ್ಲ.

ಅಲ್ಲಿಯ ತನಕ ಹೆಂಡತಿಯ ಗುಟ್ಟನ್ನು ಗಂಡನಿಂದ ಕಾಯುತ್ತಿದ್ದೆ. ಈಗ ಗಂಡನದನ್ನು ಹೆಂಡತಿಯಿಂದ ಕಾಯುವ ಕೆಲಸವೂ ಸೇರಿತು. ಅದೂ ಎಂಥದ್ದು! ಮುಂದಿನ ವಾರ ಆಕೆ ಬಂದು ಕೂತರು. ಫ್ಯಾನು, ಬಿಸಿಲು, ಸೊಸೆ ಯಾವ ಮಾತೂ ಇಲ್ಲ. ನೇರವಾಗಿ ಕೇಳಿದರು.

“ಬಂದಿದ್ರಲ್ಲ. ಏನಂದ್ರು?”

“ನೀವು ಹೇಳಿದ್ದನ್ನು ನಾನು ಅವರಿಗೆ ಹೇಳಿಲ್ಲ ಅಮ್ಮ. ಹಾಗೇ ಅವರು ಹೇಳಿದ್ದನ್ನೂ ನಿಮಗೆ ಹೇಳುವ ಹಾಗಿಲ್ಲ.”

“ಹೇಳಂಗಿಲ್ಲ ಅಂದ್ರೆ, ಏನೋ ಹೇಳವ್ರೆ.”

ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. ಉಳಿದ ಹೊತ್ತೆಲ್ಲ ಒಂದು ಅಕ್ಷರ ಆಡಲಿಲ್ಲ. ನಾನು ಏನೇನೋ ಹೇಳಿದೆ. ನಿಮಗೆ ನನ್ನ ಮೇಲೆ ಕೋಪ ಬಂದಿರಬಹುದು, ಅದನ್ನೂ ಇಲ್ಲಿ ಹೇಳಬಹುದು ಎಂದೆ. ಕಲಿತದ್ದನ್ನೆಲ್ಲ ಒಂದಾದ ಮೇಲೊಂದು ಪ್ರಯೋಗಿಸಿದೆ. ಗೋಡೆಯ ಜೊತೆ ಮಾತಾಡಿದ ಹಾಗಾಯಿತು. ಮಗ ಬಂದು, “ಏನಾದ್ರೂ ಮಾತು ಬಂತಾ ಮೇಡಂ?” ಎಂದ. ಆ ಹಿಂದಿನ ವಾರಗಳಲ್ಲೆಲ್ಲ ಹೇಳಲಾಗದೆ ಒದ್ದಾಡಿದವಳು, ಅವತ್ತು “ಇಲ್ಲ” ಎಂದು ನಿಜವನ್ನೇ ಹೇಳಿದೆ. ಮಾರನೆಯ ವಾರ ಅವರು ಬರಲಿಲ್ಲ. ಇನ್ನು ಬರುವುದಿಲ್ಲ, ಹಾಸನದಲ್ಲಿ ಯಾರೋ ಇದ್ದಾರಂತೆ ಎಂದು ಮಗ ಮೆಸೇಜು ಹಾಕಿದ.

ಆ ತಿಂಗಳೆಲ್ಲ ನನ್ನ ಮನೆಯವರ ಮೇಲೆ, ಪಾತ್ರೆಗಳ ಮೇಲೆ, ಕೆಳಗಿನ ಅಂಗಡಿಯವರು ಪೈಪು ಕೊಯ್ಯುವ ಮಿಷನ್ನಿನ ಮೇಲೆ ಕಿಡಿ ಕಾರಿದೆ. ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಆ ವಾಕ್ಯ ಹೇಳದಿರುವುದೇ ನನ್ನ ಕಸುಬು. ಗುರುಗಳು, “ಸರಿಯಾಗಿಯೇ ಮಾಡಿದ್ದೀಯ,” ಎಂದರು. ಸರಿಯಾಗಿ ಮಾಡಿದವರಿಗೆ ಇಷ್ಟು ಉರಿ ಯಾಕೆ ಎಂದು ಅವರನ್ನು ಕೇಳಿದೆ.

ಒಂದು ಬೆಳಿಗ್ಗೆ, ಇನ್ನೂ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದೆ, ಮೆಟ್ಟಿಲಿನ ಮೇಲೆ ಪರಿಚಿತ ದನಿ ಕೇಳಿಸಿತು. ಅಂಗಡಿಯವರನ್ನು ಜೋರಾಗಿ ದಬಾಯಿಸುತ್ತಿದ್ದರು: “ಪೈಪೆಲ್ಲ ದಾರೀಲೇ ಹಾಕಿದ್ರೆ ವಯಸ್ಸಾದೋರು ಹೆಂಗಪ್ಪ ಹತ್ತೋದು?” ಆ ಅಮ್ಮ. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಕೂರಲು ಹೇಳುವ ಮೊದಲೇ ಕೂತರು.

“ಹೇಳಿದ್ರು ಕಣವ್ವ,” ಎಂದರು. “ಮೊನ್ನೆ ತೋಟದಾಗೆ. ನಾನು ಸೋಗೆ ಎಳೀತಿದ್ದೆ. ಹಿಂದೆ ಬಂದು ನಿಂತ್ಕೊಂಡು, ಅವತ್ತು ಬಂದದ್ದು ವ್ಯಾಪಾರದೋರ ಫೋನಲ್ಲ ಅಂದ್ರು. ಎಲ್ಲ ಹೇಳಿದ್ರು.”

“ನೀವೇನಂದಿರಿ?”

“ಗೊತ್ತು ಅಂದೆ.”

ನನಗೆ ಅರ್ಥವಾಗಲಿಲ್ಲ.

“ತಿಥಿ ದಿನಾನೇ ಅಕ್ಕನ ಮಗ ಹೇಳಿದ್ದ. ಬೆಳಿಗ್ಗೇನೇ ಫೋನ್ ಮಾಡಿದ್ನಲ್ಲ ಚಿಕ್ಕಮ್ಮ, ಯಾಕ್ ಬರ್ಲಿಲ್ಲ ಅಂತ. ಆವತ್ತಿಂದ ಕಾಯ್ತಿದ್ದೆ, ಇವರಾಗೇ ಬಾಯ್ಬುಡ್ತಾರಾ ಅಂತ. ಇವರು ನನ್ನ ಗಂಟಲು ತೋರಿಸ್ಕೊಂಡು ತುಮಕೂರೆಲ್ಲ ಸುತ್ತಿದ್ರು.”

ನನಗೆ ನಿಜಕ್ಕೂ ಸಿಟ್ಟು ಬಂತು. ಅಷ್ಟು ವಾರ ಎದುರಿಗೆ ಕೂತು, ಹಸುವಿನ ಕಥೆಯಿಂದ ಹಿಡಿದು ಸೊಸೆಯ ಕಥೆಯ ತನಕ ಹೇಳಿದವರು, ಮುಖ್ಯವಾದ ಈ ಒಂದನ್ನು ನುಂಗಿಕೊಂಡಿದ್ದರು. “ನನಗೂ ಹೇಳಲಿಲ್ಲವಲ್ಲ ಅಮ್ಮ ನೀವು,” ಎಂದೆ. ದನಿ ಸ್ವಲ್ಪ ಏರಿರಬೇಕು.

“ನೀವೂ ಹೇಳ್ಲಿಲ್ವಲ್ಲ ನಂಗೆ,” ಎಂದರು. “ನಿಮ್ಮ ಹತ್ರ ಮೊದ್ಲು ಹೇಳಿದೀನಿ ಅಂತ ಅವರೇ ಅಂದ್ರು. ಆವತ್ತು ನಾನು ಕೇಳಿದಾಗ ನಿಮಗೆ ಗೊತ್ತಿತ್ತು. ನಮ್ಮನೆ ಗೃಹಪ್ರವೇಶಕ್ಕೆ ನೀವೊಬ್ರು ಬಂದಿರ್ಲಿಲ್ಲ, ನೀವೂ ಬಂದಂಗಾಯ್ತು.”

ನಾನು ವಿವರಿಸಿದೆ. ಈ ನಿಯಮ ಇಲ್ಲದಿದ್ದರೆ ಯಜಮಾನರು ಬಾಯಿ ಬಿಡುತ್ತಲೇ ಇರಲಿಲ್ಲ, ನಾನು ಹೇಳಿಬಿಟ್ಟಿದ್ದರೆ ಅವರಾಗಿ ಬಂದು ನಿಮಗೆ ಹೇಳುವ ದಾರಿಯೇ ಮುಚ್ಚಿಹೋಗುತ್ತಿತ್ತು, ನಿಮ್ಮ ಗುಟ್ಟನ್ನೂ ಇದೇ ನಿಯಮ ಕಾಯ್ದದ್ದು. ಒಂದೊಂದು ಮಾತೂ ಸರಿಯೇ ಇತ್ತು. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು.

“ಇರ್ಬೋದು. ನಿಮ್ಮ ಕಾನೂನು ನಿಮಗೆ,” ಎಂದರು. “ನನಗೆ ಮಾತ್ರ ಆವತ್ತು ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು. ಅದನ್ನ ಹೇಳ್ಬುಟ್ಟು ಹೋಗಣ ಅಂತ ಬಂದೆ.”

ಯಜಮಾನರನ್ನು ಕ್ಷಮಿಸಿದಿರಾ ಎಂದು ಕೇಳಿದೆ. ಕೇಳಬಾರದ ಪ್ರಶ್ನೆ, ಬಾಯಿ ತಪ್ಪಿ ಬಂತು. ಆಕೆ ಎದ್ದು ಸೆರಗು ಕೊಡವಿಕೊಂಡರು. “ಎಲ್ಲೀದು? ಅಕ್ಕನ ಮುಖ ತೋರಿಸ್ತಾರಾ ಅವರು? ಈಗ ಬೈಯಕ್ಕಾದ್ರೂ ಆಯ್ತದೆ, ಅಷ್ಟೆ. ಬತ್ತೀನಿ, ಬಸ್ಸಿಗೆ ಹೊತ್ತಾಗ್ತದೆ.”

ಮತ್ತೆ ಅವರು ಬರಲಿಲ್ಲ. ತರಕಾರಿ ಅಂಗಡಿಯಲ್ಲಿ ಆ ಟೀಚರು ಸಿಕ್ಕಾಗ, ಮಾಯಸಂದ್ರದ ಕಡೆಯವರಿಗೆ ಹಾಸನದ ಡಾಕ್ಟರ ಮಾತ್ರೆಯಿಂದ ವಾಸಿಯಾಯಿತಂತೆ ಎಂದು ಸಂತೋಷದಿಂದ ಹೇಳಿದರು. ಹೌದಂತೆ ಎಂದೆ.

ಕೆಲವು ದಿನ ಬಿಟ್ಟು ಮಗ ಫೋನು ಮಾಡಿದ. ಹಿಂದಿನಿಂದ ಹೆಂಗಸಿನ ಏರು ದನಿ, ನಡುವೆ ಯಜಮಾನರ ಗೊಣಗು ಕೇಳಿಸುತ್ತಿತ್ತು.

“ಮೇಡಂ, ಇಬ್ರೂ ಬೆಳಿಗ್ಗೆ ಎದ್ರೆ ಜಗಳ. ಅಮ್ಮ ನಿಲ್ಸೋದೇ ಇಲ್ಲ. ಅಪ್ಪ ತೋಟದಿಂದ ಊಟಕ್ ಬರಕ್ಕೇ ಹೆದರ್ತಾವ್ರೆ. ಒಂದ್ಸಲ ಕರ್ಕೊಂಬರ್ಲಾ? ಒಸಿ ಕಮ್ಮಿ ಮಾತಾಡೋ ಹಂಗೆ ಏನಾದ್ರೂ ಮಾಡಕ್ಕಾಯ್ತದಾ?”

“ಊಟಕ್ಕೆ ಬರುತ್ತಾರಾ ಕೊನೆಗೆ?” ಎಂದು ಕೇಳಿದೆ.

“ಬತ್ತಾರೆ. ಬೈಸ್ಕೊಂತ ಉಣ್ತಾರೆ.”

“ಹಾಗಾದರೆ ಬಿಡಿ. ಬೈಯಲಿ,” ಎಂದು ಫೋನಿಟ್ಟೆ.